ಬೆಳಗಾವಿ, ಬಾಗಲಕೋಟೆ, ವಿಜಯಪುರ: ಇಲಿಗಳ ಮೆಟಬಾಲಿಸಂ ಪರೀಕ್ಷೆಗೆ ನಾವೆಲ್ಲ ಸೇರಿ ಒಂದು ಲ್ಯಾಬ್ ಮಾಡಬಹುದಾ?

ಖಾನಾಪುರದ ಮಳೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಫಾರ್ಮಕಾಲಜಿ ಕಲಿಸುತ್ತೇನೆ. ತುಂಬಾ ದಿನಗಳಿಂದ ತಲೆಯಲ್ಲಿರುವ ವಿಷಯ ಇದು.

ನಮ್ಮ ಮೂರೂ ಜಿಲ್ಲೆಗಳಲ್ಲಿ ಎಂ.ಫಾರ್ಮ್, ಎಂ.ಡಿ, ಪಿಎಚ್.ಡಿ ಎಂದು ಸಕ್ಕರೆ ಕಾಯಿಲೆ ಮೇಲೆ ಕೆಲಸ ಮಾಡುವವರು ಬಹಳ ಜನ ಇದ್ದಾರೆ. ಮಧುನಾಶಿನಿ, ನೇರಳೆ ಬೀಜ, ಹಾಗಲಕಾಯಿ, ಮೆಂತ್ಯ. ಗಿಡ ಬದಲಾಗುತ್ತದೆ, ವಿಧಾನ ಮಾತ್ರ ಅದೇ. ಇಲಿಗೆ ಸ್ಟ್ರೆಪ್ಟೊಜೊಟೊಸಿನ್ ಎನ್ನುವ ರಾಸಾಯನಿಕ ಚುಚ್ಚುತ್ತೇವೆ, ಶುಗರ್ ಏರುತ್ತದೆ. ಕೆಲವು ವಾರ ಗಿಡದ ಸಾರ ಕುಡಿಸುತ್ತೇವೆ. ಗ್ಲೂಕೋಮೀಟರಿನಲ್ಲಿ ನೋಡುತ್ತೇವೆ, ಕೊನೆಗೆ ಮೇದೋಜೀರಕದ ಸ್ಲೈಡ್ ಮಾಡುತ್ತೇವೆ. ಶುಗರ್ ಇಳಿದಿದ್ದರೆ ಥೀಸಿಸ್ ಆಯಿತು.

ಇಳಿದದ್ದು ಯಾಕೆ? ಇನ್ಸುಲಿನ್ ಜಾಸ್ತಿ ಬಂತಾ? ಲಿವರ್ ಗ್ಲೂಕೋಸ್ ಬಿಡುವುದು ಕಡಿಮೆ ಆಯಿತಾ? ಸ್ನಾಯು ಜಾಸ್ತಿ ಹೀರಿಕೊಂಡಿತಾ? ಅಥವಾ ಕಹಿ ಸಾರ ಕುಡಿದ ಇಲಿ ಊಟವನ್ನೇ ಕಡಿಮೆ ಮಾಡಿತಾ? ನಮ್ಮ ವಿಧಾನದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಉತ್ತರ ಬೇಕಾದರೆ ಇಲಿ ಎಷ್ಟು ಆಮ್ಲಜನಕ ಬಳಸುತ್ತದೆ, ಮೈಯಲ್ಲಿ ಕೊಬ್ಬು ಎಷ್ಟಿದೆ, ಇನ್ಸುಲಿನ್‌ಗೆ ಯಾವ ಅಂಗ ಹೇಗೆ ಸ್ಪಂದಿಸುತ್ತದೆ, ಹೀಗೆ ಮೆಟಬಾಲಿಸಂ (ಮೈ ಆಹಾರವನ್ನು ಶಕ್ತಿಯಾಗಿ ಬಳಸುವ ರೀತಿ) ಎಲ್ಲ ಅಳೆಯಬೇಕು. ಆ ಯಂತ್ರಗಳನ್ನು ಒಂದೊಂದು ಕಾಲೇಜು ಬೇರೆ ಬೇರೆ ಕೊಳ್ಳುವುದು ಆಗದ ಮಾತು. ಕೊಂಡರೂ ನಡೆಸುವ ಕೈ ಇಲ್ಲ.

ಮೂರು ಜಿಲ್ಲೆ ಸೇರಿ ಒಂದು ಸೇವಾ ಲ್ಯಾಬ್ ಮಾಡಬಹುದಾ? ಕಬ್ಬು ಕಟಾವಿನ ಯಂತ್ರವನ್ನು ಊರವರೆಲ್ಲ ಬಾಡಿಗೆಗೆ ತರಿಸಿಕೊಳ್ಳುತ್ತಾರಲ್ಲ, ಹಾಗೆ. ಈ ಕೆಲಸ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಘಟಪ್ರಭಾ (ಬಾಗಲಕೋಟೆ)

ಮೇಡಂ, ನನ್ನ ಮನಸ್ಸಿನಲ್ಲಿದ್ದದ್ದನ್ನೇ ಬರೆದಿದ್ದೀರಿ. ನಾನು ಪಿಎಚ್.ಡಿ ವಿದ್ಯಾರ್ಥಿ. ನಮ್ಮ ಪೇಪರಿಗೆ ರಿವ್ಯೂವರ್ ಕೇಳಿದ್ದು ಎರಡೇ ಪ್ರಶ್ನೆ. ಪ್ಲಾಸ್ಮಾ ಇನ್ಸುಲಿನ್ ಎಷ್ಟಿತ್ತು? ಪ್ರಾಣಿಗಳು ದಿನಕ್ಕೆ ಎಷ್ಟು ತಿಂದವು? ಎರಡನೆಯದನ್ನು ಅಳೆದಿದ್ದೆವು. ಮೊದಲನೆಯದಕ್ಕೆ ಸ್ಯಾಂಪಲ್‌ಗಳನ್ನು ಹೊರಗಿನ ಒಂದು ಲ್ಯಾಬ್‌ಗೆ ಕಳಿಸಿದೆವು. ಕೊರಿಯರ್ ತಡವಾಗಿ, ಡ್ರೈ ಐಸ್ ಪೂರ್ತಿ ಹೋಗಿ, ಟ್ಯೂಬುಗಳು ನೀರಾಗಿ ತಲುಪಿದವು. ಅಷ್ಟು ಪ್ರಾಣಿಗಳ ರಕ್ತ ಸುಮ್ನೆ ವ್ಯರ್ಥವಾಯಿತು. ಈಗಲೂ ಬೇಜಾರಾಗುತ್ತದೆ.

ಹತ್ತಿರದಲ್ಲೇ, ಬಸ್ಸಿನಲ್ಲಿ ನಾನೇ ಐಸ್ ಬಾಕ್ಸ್ ಹಿಡಿದು ಹೋಗುವಷ್ಟು ದೂರದಲ್ಲಿ, ಒಂದು ಒಳ್ಳೆಯ ಇನ್ಸುಲಿನ್ ಎಲೈಸಾ (ರಕ್ತದಲ್ಲಿ ಇನ್ಸುಲಿನ್ ಅಳೆಯುವ ಪರೀಕ್ಷೆ) ಸೇವೆ ಇದ್ದರೂ ನನ್ನಂಥವರಿಗೆ ಎಷ್ಟೋ ಉಪಕಾರ.

ಗೋಕಾಕದಿಂದ ದೂರ (ಸದ್ಯ ಹೊರದೇಶ)

ಊರಿನವರು ಇದನ್ನು ಮಾತಾಡುತ್ತಿರುವುದು ನೋಡಿ ಖುಷಿಯಾಯಿತು. ನಾನು ಇಲ್ಲಿ ಇದೇ ಕೆಲಸದಲ್ಲಿದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಅಮೆರಿಕದಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ 2001ರಲ್ಲಿ ಶುರುವಾಯಿತು. ಎಂಎಂಪಿಸಿ ಎನ್ನುತ್ತಾರೆ, ಇಲಿಗಳ ಚಯಾಪಚಯ ಪರೀಕ್ಷಾ ಕೇಂದ್ರಗಳು. ಹಣ ಕೊಡುವುದು ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಧುಮೇಹ ವಿಭಾಗ. ಇದರಲ್ಲಿದ್ದ ಕೆಲವು ಕೇಂದ್ರಗಳೆಂದರೆ ವ್ಯಾಂಡರ್ಬಿಲ್ಟ್, ಯೇಲ್, ಸಿನ್ಸಿನಾಟಿ, ಯುಸಿ ಡೇವಿಸ್, ಮ್ಯಾಸಚೂಸೆಟ್ಸ್ ವೈದ್ಯಕೀಯ ಶಾಲೆ. ಆಗ ಜೀನ್ ಬದಲಿಸಿದ ಇಲಿಗಳು ನೂರಾರು ಲ್ಯಾಬುಗಳಲ್ಲಿ ತಯಾರಾಗುತ್ತಿದ್ದವು. ಅವುಗಳಿಗೆ ಸಕ್ಕರೆ ಕಾಯಿಲೆ ಇದೆಯಾ, ಇದ್ದರೆ ಎಂಥದ್ದು ಎಂದು ಸರಿಯಾಗಿ ನೋಡುವವರು ಕಡಿಮೆ ಇದ್ದರು. ಅದಕ್ಕೇ ಇದು ಹುಟ್ಟಿದ್ದು.

ನಡೆಯುವುದು ಹೀಗೆ. ಸಂಶೋಧಕ ತನ್ನ ಇಲಿಗಳನ್ನೋ ರಕ್ತ, ಅಂಗಾಂಶದ ಸ್ಯಾಂಪಲ್ಲನ್ನೋ ಕೇಂದ್ರಕ್ಕೆ ಕಳಿಸುತ್ತಾನೆ. ಅಲ್ಲಿನ ನುರಿತವರು ಪರೀಕ್ಷೆ ಮಾಡಿ ಅಂಕಿಗಳನ್ನು ಕೊಡುತ್ತಾರೆ. ಪ್ರತಿ ಪರೀಕ್ಷೆಗೂ ಶುಲ್ಕ ಇದೆ. ಆದರೆ ಯಂತ್ರ, ಸಂಬಳ ಇಂಥ ಮೂಲ ಖರ್ಚಿನ ದೊಡ್ಡ ಪಾಲು ಸರ್ಕಾರದ ಅನುದಾನದಿಂದ ಹೋಗುತ್ತದೆ. ವಿಧಾನಗಳನ್ನು ಬರೆದು ಎಲ್ಲರಿಗೂ ತೆರೆದಿಡುತ್ತಾರೆ. ವ್ಯಾಂಡರ್ಬಿಲ್ಟ್‌ನವರು ಎಚ್ಚರವಿರುವ ಇಲಿಯಲ್ಲಿ ಕ್ಲ್ಯಾಂಪ್ (ಇನ್ಸುಲಿನ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅಳೆಯುವ ವಿಧಾನ) ಮಾಡುವುದನ್ನು ಕಲಿಸುವ ತರಬೇತಿಯನ್ನೇ ನಡೆಸುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಅಲ್ಲಿ ಹಂಚಿಕೊಂಡ ದೊಡ್ಡ ಆಸ್ತಿ ಯಂತ್ರ ಅಲ್ಲ. ದಿನಾ ಅದೇ ಕೆಲಸ ಮಾಡುವ ಟೆಕ್ನಿಷಿಯನ್‌ಗಳು. ಒಬ್ಬ ವಿದ್ಯಾರ್ಥಿ ಥೀಸಿಸ್‌ಗಾಗಿ ಒಮ್ಮೆ ಕಲಿತು ಬಿಟ್ಟು ಹೋಗುವ ಕೆಲಸ ಇದಲ್ಲ.

ಗುಮ್ಮಟದ ನೆರಳು (ವಿಜಯಪುರ)

ನಾನು ಇಲ್ಲಿ ಫಿಸಿಯಾಲಜಿ ವಿಭಾಗದವನು. ಲ್ಯಾಬ್‌ಗೂ ಮೊದಲು ಒಂದು ವಿಷಯ ಮಾತಾಡಬೇಕು: ಕೋಣೆಯ ತಾಪಮಾನ.

ಮನುಷ್ಯರಿಗೆ ಹಿತ ಅನ್ನಿಸುವ 22 ಡಿಗ್ರಿ ಇಲಿಗೆ ಚಳಿ. ಅದರ ಮೈಗೆ ಹಿತವಾದದ್ದು ಸುಮಾರು 30 ಡಿಗ್ರಿ. 22ರಲ್ಲಿ ಇಟ್ಟರೆ ಅದು ತಿಂದದ್ದರಲ್ಲಿ ದೊಡ್ಡ ಪಾಲನ್ನು ಮೈ ಬಿಸಿ ಇಟ್ಟುಕೊಳ್ಳುವುದಕ್ಕೇ ಸುಡುತ್ತದೆ. ಹೃದಯ ಬಡಿತ ಜಾಸ್ತಿ, ಊಟ ಜಾಸ್ತಿ, ಮೈ ಬಿಸಿ ಮಾಡುವ ಕಂದು ಕೊಬ್ಬಿನ ಕೆಲಸ ಜಾಸ್ತಿ. ಈಗ ನಮ್ಮ ಊರುಗಳನ್ನು ನೋಡಿ. ಬೆಳಗಾವಿಯಲ್ಲಿ ಜುಲೈ ತಿಂಗಳು ಪೂರ್ತಿ ಮಳೆ, ತಂಪು. ಇಲ್ಲಿ ಏಪ್ರಿಲ್, ಮೇ ಬಂತೆಂದರೆ ಹೊರಗೆ 40 ದಾಟುತ್ತದೆ. ಕರೆಂಟ್ ಹೋಗಿ ಏಸಿ ನಿಂತರೆ ಅನಿಮಲ್ ಹೌಸ್ ಒಳಗೂ ಅದೇ ಕಥೆ. ನಮ್ಮ ದೇಶದ ಮಾರ್ಗಸೂಚಿಯಲ್ಲಿ 18ರಿಂದ 29 ಡಿಗ್ರಿ ಎಂದಿದೆ. ಪ್ರಾಣಿಯ ಆರೋಗ್ಯಕ್ಕೆ ಅದು ಸರಿ ಇರಬಹುದು. ಮೆಟಬಾಲಿಸಂ ಅಳೆಯುವವರಿಗೆ 18 ಬೇರೆ ಪ್ರಪಂಚ, 29 ಬೇರೆ ಪ್ರಪಂಚ.

ಅದೇ ತಳಿ, ಅದೇ ಔಷಧ, ಅದೇ ಡೋಸ್. ಬೆಳಗಾವಿಯಲ್ಲಿ ಮಳೆಗಾಲದಲ್ಲಿ ಮಾಡಿದ್ದು, ವಿಜಯಪುರದಲ್ಲಿ ಬೇಸಿಗೆಯಲ್ಲಿ ಮಾಡಿದ್ದು, ಎರಡನ್ನೂ ಹೋಲಿಸುವ ಹಾಗೇ ಇಲ್ಲ. ಮೂರು ಜಿಲ್ಲೆಗೆ ಒಂದೇ ಕೋಣೆ ಬೇಕು ಎನ್ನುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಗೋಕಾಕದಿಂದ ದೂರ

ಸರ್, ನೂರಕ್ಕೆ ನೂರು ಒಪ್ಪುತ್ತೇನೆ. 2020ರಲ್ಲಿ ಎಂಎಂಪಿಸಿ ಕೇಂದ್ರಗಳ ಹಳೆಯ ಅಂಕಿಗಳನ್ನೆಲ್ಲ ಒಟ್ಟು ಹಾಕಿ ಒಂದು ದೊಡ್ಡ ವಿಶ್ಲೇಷಣೆ ಬಂತು. ಇಲಿ ಎಷ್ಟು ಶಕ್ತಿ ಖರ್ಚು ಮಾಡುತ್ತದೆ ಎನ್ನುವುದನ್ನು ತೂಕ, ತಾಪಮಾನ ಇವೆಲ್ಲ ಪ್ರಭಾವಿಸುತ್ತವೆ, ಅದು ಗೊತ್ತಿದ್ದದ್ದೇ. ಪ್ರಯೋಗ ಯಾವ ಸಂಸ್ಥೆಯಲ್ಲಿ ನಡೆಯಿತು ಎನ್ನುವುದೂ ಫಲಿತಾಂಶವನ್ನು ಬಹಳ ಬದಲಿಸುತ್ತದೆ ಎಂದು ಅದರಲ್ಲಿ ಕಂಡಿತು. ಅಷ್ಟು ಶಿಸ್ತಿನ ಕೇಂದ್ರಗಳಲ್ಲೇ ಹೀಗೆ.

ಖಾನಾಪುರದ ಮಳೆ

ಕ್ಲ್ಯಾಂಪ್ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಪುಸ್ತಕದಲ್ಲಿ ಓದಿದ ಪದ ಅಷ್ಟೆ. ಅದನ್ನು ಇಲಿಯಲ್ಲಿ ಮಾಡುವುದು ಹೇಗೆ, ನಮಗೆ ನಿಜವಾಗಿ ಆಗುವ ಕೆಲಸವಾ, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಗೋಕಾಕದಿಂದ ದೂರ

ಖಂಡಿತ ಮೇಡಂ. ಸ್ವಲ್ಪ ಉದ್ದ ಆಗುತ್ತದೆ.

ಮನುಷ್ಯರಲ್ಲಿ ಈ ವಿಧಾನವನ್ನು ಡಿಫ್ರಾಂಜೊ, ಟೋಬಿನ್, ಆಂಡ್ರೆಸ್ 1979ರಲ್ಲಿ ವಿವರವಾಗಿ ಬರೆದರು. ಇನ್ಸುಲಿನ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅಳೆಯಲು ಇವತ್ತಿಗೂ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಇನ್ಸುಲಿನ್ ಅನ್ನು ಒಂದೇ ವೇಗದಲ್ಲಿ ರಕ್ತಕ್ಕೆ ಬಿಡುತ್ತಾ ಹೋಗಬೇಕು. ಶುಗರ್ ಇಳಿಯತೊಡಗುತ್ತದೆ. ಇಳಿಯದಂತೆ ಇನ್ನೊಂದು ಪಂಪಿನಿಂದ ಗ್ಲೂಕೋಸ್ ಬಿಡಬೇಕು. 5-10 ನಿಮಿಷಕ್ಕೊಮ್ಮೆ ಶುಗರ್ ನೋಡಿ ಗ್ಲೂಕೋಸ್ ವೇಗವನ್ನು ಹೆಚ್ಚು ಕಡಿಮೆ ಮಾಡಬೇಕು. ಸುಮಾರು 2 ಗಂಟೆ ಹೀಗೇ. ಕೊನೆಗೆ ಶುಗರ್ ಒಂದೇ ಮಟ್ಟದಲ್ಲಿ ನಿಂತಾಗ ಎಷ್ಟು ಗ್ಲೂಕೋಸ್ ಹೋಗುತ್ತಿದೆಯೋ ಅದೇ ಉತ್ತರ. ಜಾಸ್ತಿ ಬೇಕಾದರೆ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತಿದೆ. ಸ್ವಲ್ಪವೇ ಸಾಕಾದರೆ ದೇಹ ಇನ್ಸುಲಿನ್ ಮಾತು ಕೇಳುತ್ತಿಲ್ಲ.

ಟ್ರೇಸರ್, ಅಂದರೆ ಎಲ್ಲಿ ಹೋಯಿತೆಂದು ಪತ್ತೆ ಹಚ್ಚಲು ಗುರುತು ಹಾಕಿದ ಪದಾರ್ಥ, ಸೇರಿಸಿದರೆ ಇನ್ನೂ ಗೊತ್ತಾಗುತ್ತದೆ. ಟ್ರಿಟಿಯಂ (ವಿಕಿರಣ ಸೂಸುವ ಹೈಡ್ರೋಜನ್) ಗುರುತಿನ ಗ್ಲೂಕೋಸ್ ಬಿಟ್ಟರೆ ಲಿವರ್ ತಾನೇ ಎಷ್ಟು ಗ್ಲೂಕೋಸ್ ತಯಾರಿಸಿತು ಎಂದು ಲೆಕ್ಕ ಸಿಗುತ್ತದೆ. ಗುರುತು ಹಾಕಿದ ಡಿಆಕ್ಸಿಗ್ಲೂಕೋಸ್ ಬಿಟ್ಟರೆ ಯಾವ ಸ್ನಾಯು, ಯಾವ ಕೊಬ್ಬು ಎಷ್ಟು ಹೀರಿಕೊಂಡಿತು ಎಂದು ಗೊತ್ತಾಗುತ್ತದೆ. ಮೇಡಂ ಮೊದಲ ಪೋಸ್ಟಿನಲ್ಲಿ ಕೇಳಿದ ಲಿವರ್, ಸ್ನಾಯುವಿನ ಪ್ರಶ್ನೆಗೆ ನೇರ ಉತ್ತರ ಇದೇ.

ಕಷ್ಟ ಇರುವುದು ಇಲ್ಲಿ. ವಿಕಿರಣ ಟ್ರೇಸರ್‌ಗೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ವಿಕಿರಣ ಇಲ್ಲದ ಸ್ಥಿರ ಐಸೊಟೋಪ್ ಬಳಸಬಹುದು, ಅದಕ್ಕೆ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು. ಅದಕ್ಕಿಂತ ಮೊದಲು ಇಲಿಯ ಕುತ್ತಿಗೆಯ ರಕ್ತನಾಳದಲ್ಲಿ ಕೂದಲೆಳೆಯಂಥ ನಳಿಕೆ ಕೂರಿಸಬೇಕು. ಆಮೇಲೆ ಅದು ಚೇತರಿಸಿಕೊಂಡು ತೂಕ ವಾಪಸ್ ಪಡೆಯುವವರೆಗೆ ದಿನಗಟ್ಟಲೆ ಕಾಯಬೇಕು. ತೂಕ ಬರದ ಇಲಿಯಲ್ಲಿ ಕ್ಲ್ಯಾಂಪ್ ಮಾಡಿದರೆ ನೋವಿನ ಒತ್ತಡವನ್ನೇ ಅಳೆದಂತೆ.

ಹಾಗಾಗಿ ನಾಳೆಯೇ ಇದನ್ನು ಶುರು ಮಾಡಿ ಎಂದು ನಾನು ಹೇಳುವುದಿಲ್ಲ. ಇದು ಮೂರನೇ ಮೆಟ್ಟಿಲು.

ಅಥಣಿ ಪಶುವೈದ್ಯ

ನಿವೃತ್ತ ಪಶುವೈದ್ಯ ನಾನು. ಒಂದು ಕಾಲೇಜಿನ ಎಥಿಕ್ಸ್ ಕಮಿಟಿಯಲ್ಲಿ ಕೂತವನು. ಗೋಕಾಕದ ತಮ್ಮ ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ.

25 ಗ್ರಾಂ ತೂಗುವ ಇಲಿಯ ಮೈಯಲ್ಲಿ ಇರುವ ಒಟ್ಟು ರಕ್ತ ಸುಮಾರು 2 ಮಿಲಿ. ಅದರಲ್ಲಿ ಹತ್ತನೇ ಒಂದು ಭಾಗ ತೆಗೆದರೇ ಪ್ರಾಣಿಗೆ ಭಾರ. ಅಂದರೆ 0.2 ಮಿಲಿ. ಇನ್ಸುಲಿನ್ ಬೇಕು, ಲಿಪಿಡ್ ಬೇಕು, ಇನ್ನೂ ನಾಲ್ಕು ಹಾರ್ಮೋನ್ ಬೇಕು ಎಂದು ಸಿನಾಪ್ಸಿಸ್‌ನಲ್ಲಿ ಬರೆಯುವವರು ಮೊದಲು ಈ ಲೆಕ್ಕ ಹಾಕಬೇಕು. ಕ್ಲ್ಯಾಂಪ್ ಮಾಡುವ ಒಳ್ಳೆಯ ಲ್ಯಾಬುಗಳಲ್ಲಿ ತೆಗೆದ ರಕ್ತಕ್ಕೆ ಬದಲಾಗಿ ಇನ್ನೊಂದು ಇಲಿಯ ತೊಳೆದ ಕೆಂಪು ರಕ್ತಕಣ ವಾಪಸ್ ಕೊಡುತ್ತಾರೆ. ಆ ಮಟ್ಟದ ಕಾಳಜಿ ಬೇಕು.

ರಕ್ತ ತೆಗೆಯುವಾಗ ಬಾಲ ಹಿಂಡಬೇಡಿ. ಕಣಗಳು ಒಡೆದು ಪ್ಲಾಸ್ಮಾ ಕೆಂಪಾದರೆ ಕಣದೊಳಗಿನ ಕಿಣ್ವ ಇನ್ಸುಲಿನ್ನನ್ನೇ ತಿಂದು ಹಾಕುತ್ತದೆ. ಎಲೈಸಾದಲ್ಲಿ ಕಡಿಮೆ ತೋರಿಸುತ್ತದೆ. ಅದನ್ನು ನೋಡಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶ ಸತ್ತಿವೆ ಎಂದು ಬರೆಯುತ್ತಾರೆ.

ಅರಿವಳಿಕೆಗೆ ಕೆಟಮಿನ್ ಬಳಸುವವರಿಗೆ ಇನ್ನೊಂದು ಮಾತು. ಅದು ಶೆಡ್ಯೂಲ್ ಎಕ್ಸ್ ಔಷಧ. ಬೀಗ, ರಿಜಿಸ್ಟರ್, ಹೊಣೆಗಾರ ವ್ಯಕ್ತಿ ಎಲ್ಲ ಬೇಕು. ಐದು ಕಡೆ ಐದು ರಿಜಿಸ್ಟರ್ ಇಡುವುದಕ್ಕಿಂತ ಒಂದು ಕಡೆ ಒಬ್ಬ ಪಶುವೈದ್ಯರ ಕೈಯಲ್ಲಿ ಇರುವುದು ಎಲ್ಲರಿಗೂ ಒಳ್ಳೆಯದು.

ಶಹಾಪುರದ ಓದುಗಿ (ಬೆಳಗಾವಿ)

ನಾನು ವಿಜ್ಞಾನಿ ಅಲ್ಲ. ಜೈನ ಮನೆತನದವಳು, ಶಾಲೆಯಲ್ಲಿ ಕಲಿಸುತ್ತೇನೆ. ನೀವೆಲ್ಲ ಒಳ್ಳೆಯ ಮನಸ್ಸಿನಿಂದ ಮಾತಾಡುತ್ತಿದ್ದೀರಿ, ಅದು ಕಾಣುತ್ತದೆ. ಆದರೂ ಕೇಳಲೇಬೇಕು. ಲ್ಯಾಬ್ ದೊಡ್ಡದಾದರೆ ಸಾಯುವ ಜೀವಗಳೂ ಜಾಸ್ತಿ ಆಗುವುದಿಲ್ಲವೇ? ಈಗಾಗಲೇ ನೂರು ಸಲ ನೋಡಿದ ಗಿಡವನ್ನು ನೂರಾ ಒಂದನೇ ಸಲ ನೋಡಲು ಒಂದು ಜೀವ ತೆಗೆಯುವುದು ನನಗೆ ಯಾವ ರೀತಿಯಿಂದಲೂ ಸರಿ ಕಾಣುವುದಿಲ್ಲ.

ಅಥಣಿ ಪಶುವೈದ್ಯ

ಅಕ್ಕಾ, ನಿಮ್ಮ ಪ್ರಶ್ನೆ ಕಮಿಟಿಯ ಮೇಜಿನ ಮೇಲೂ ಇರಬೇಕಾದ ಪ್ರಶ್ನೆ. ಕಾನೂನಿನಲ್ಲೂ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಅದರ ಅಡಿಯಲ್ಲಿ 1998ರ ನಿಯಮಗಳು. ಸಂಸ್ಥೆ ನೋಂದಣಿ ಆಗಿರಬೇಕು. ಪ್ರತಿ ಪ್ರಯೋಗವನ್ನೂ ಸಂಸ್ಥೆಯ ಎಥಿಕ್ಸ್ ಕಮಿಟಿ ಒಪ್ಪಬೇಕು. ಅದರಲ್ಲಿ ಸರ್ಕಾರದ ಸಮಿತಿ ನೇಮಿಸಿದ ಹೊರಗಿನವರೂ ಇರುತ್ತಾರೆ. ಬೇರೆ ದಾರಿ ಇದ್ದರೆ ಪ್ರಾಣಿ ಬಳಸಬಾರದು, ಬಳಸಿದರೆ ಕಡಿಮೆ ಬಳಸಬೇಕು, ನೋವು ತಗ್ಗಿಸಬೇಕು. ರಸೆಲ್ ಮತ್ತು ಬರ್ಚ್ 1959ರಲ್ಲೇ ಇದನ್ನು ಬರೆದರು.

ಹಂಚಿಕೊಂಡ ಲ್ಯಾಬ್‌ನಿಂದ ಸಂಖ್ಯೆ ಇಳಿಯುವ ದಾರಿ ನಿಜಕ್ಕೂ ಇದೆ. ಈಗ ಮೈಯ ಕೊಬ್ಬು ನೋಡಬೇಕಾದರೆ ಪ್ರಾಣಿಯನ್ನು ಕೊಂದು ತೂಗುತ್ತಾರೆ. 4ನೇ ವಾರಕ್ಕೆ ಒಂದು ಗುಂಪು, 8ನೇ ವಾರಕ್ಕೆ ಇನ್ನೊಂದು. ಎನ್‌ಎಂಆರ್ (ಆಯಸ್ಕಾಂತ ಶಕ್ತಿಯ ಸ್ಕ್ಯಾನ್) ಆಧಾರದ ಯಂತ್ರದಲ್ಲಿ ಎಚ್ಚರವಿರುವ ಇಲಿಯನ್ನೇ ಒಂದೆರಡು ನಿಮಿಷ ಕೊಳವೆಯಲ್ಲಿಟ್ಟು ಕೊಬ್ಬು, ಮಾಂಸ ಎಷ್ಟೆಂದು ನೋಡಬಹುದು. ಅರಿವಳಿಕೆಯೂ ಬೇಡ. ಅದೇ ಇಲಿಯನ್ನು ವಾರ ವಾರ ನೋಡಬಹುದು.

ಖಾನಾಪುರದ ಮಳೆ

ಅಕ್ಕಾವರೇ, ನೂರಾ ಒಂದನೇ ಸಲದ ಮಾತು ನನಗೆ ನಾಟಿತು. ನಾನು ಹೀಗೆ ಹೇಳುತ್ತೇನೆ. ಈ ಲ್ಯಾಬ್ ಆದರೆ ಮೊದಲ ಬಾಗಿಲಲ್ಲೇ ಒಂದು ನಿಯಮ ಇರಲಿ. ಗಿಡದ ಸಾರವನ್ನು ಮೊದಲು ಪ್ರಾಣಿ ಬೇಡದ ಪರೀಕ್ಷೆಗಳಲ್ಲಿ ನೋಡಬೇಕು. ಪಿಷ್ಟ ಜೀರ್ಣಿಸುವ ಕಿಣ್ವಗಳನ್ನು ತಡೆಯುತ್ತದೆಯಾ, ಸ್ನಾಯುಕೋಶ ಕಲ್ಚರ್‌ನಲ್ಲಿ ಗ್ಲೂಕೋಸ್ ಹೀರಿಕೆ ಹೆಚ್ಚುತ್ತದೆಯಾ. ಅಲ್ಲಿ ಏನೂ ಕಾಣದ ಸಾರಕ್ಕೆ ಇಲಿ ಕೊಡಬಾರದು. ಹಳೆಯ ಥೀಸಿಸ್‌ಗಳ ಪಟ್ಟಿಯನ್ನೂ ನೋಡಬೇಕು. ನಮ್ಮ ಮೂರು ಜಿಲ್ಲೆಗಳ ಅನಿಮಲ್ ಹೌಸ್‌ಗಳಲ್ಲಿ ಆಗಿಹೋದ ಕೆಲಸದ ಒಂದು ಒಟ್ಟು ಪಟ್ಟಿ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಪಕ್ಕದ ಕಾಲೇಜಿನಲ್ಲಿ ಹೋದ ವರ್ಷ ಆದದ್ದನ್ನೇ ಈ ವರ್ಷ ನಾವು ಮಾಡುತ್ತಿರಬಹುದು.

ಶಹಾಪುರದ ಓದುಗಿ

ನನ್ನ ನಿಲುವು ಬದಲಾಗಿಲ್ಲ. ಆದರೆ ಆ ಪಟ್ಟಿ ಮಾಡುವ ಕೆಲಸಕ್ಕೆ ಕೈ ಬೇಕಾದರೆ ನಾನು ಬರುತ್ತೇನೆ. ಕಂಪ್ಯೂಟರ್‌ನಲ್ಲಿ ಪಟ್ಟಿ ಹಾಕುವುದು ನನಗೆ ಬರುತ್ತದೆ.

ಮುಧೋಳದ ಅಪ್ಪ

ನನ್ನ ಮಗಳಿಗೆ ಟೈಪ್ 1. ಎಂಟನೇ ವಯಸ್ಸಿನಿಂದ ಇನ್ಸುಲಿನ್ ಮೇಲಿದ್ದಾಳೆ. ಇಲ್ಲಿ ಬರೆದದ್ದರಲ್ಲಿ ಅರ್ಧ ತಿಳಿಯಲಿಲ್ಲ, ಆದರೂ ಪೂರ್ತಿ ಓದಿದೆ.

ನನ್ನದು ಒಂದೇ ವಿನಂತಿ. ಇಲಿಯ ಶುಗರ್ ಇಳಿಯಿತು ಎಂದು ಎಲ್ಲಾದರೂ ಸುದ್ದಿ ಬಂದರೆ ಮರುದಿನವೇ ಸಂಬಂಧಿಕರು ಫೋನ್ ಮಾಡುತ್ತಾರೆ. ಸೂಜಿ ನಿಲ್ಲಿಸಿ, ಈ ಕಷಾಯ ಕುಡಿಸಿ ಎನ್ನುತ್ತಾರೆ. ಟೈಪ್ 1 ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ ಎಂದು ಪ್ರತಿ ಸಲ ತಿಳಿಸಿ ಹೇಳಬೇಕು. ಪರೀಕ್ಷೆ ಮಾಡಿದ್ದು ಯಾವ ತರಹದ ಸಕ್ಕರೆ ಕಾಯಿಲೆ ಮೇಲೆ, ಅದು ಮನುಷ್ಯರಿಗೆ ಹೊಂದುತ್ತದೆಯಾ, ಸ್ಪಷ್ಟವಾಗಿ ಬರೆಯಿರಿ. ಏನೂ ಪ್ರಯೋಜನ ಆಗಲಿಲ್ಲ ಎಂದು ಬಂದ ಫಲಿತಾಂಶವನ್ನೂ ಬರೆಯಿರಿ. ನಮ್ಮಂಥವರಿಗೆ ಅದೂ ಬೇಕು.

ಗುಮ್ಮಟದ ನೆರಳು

ಅಣ್ಣಾವರೇ, ಬಹಳ ಮುಖ್ಯವಾದ ಮಾತು ಹೇಳಿದಿರಿ. ಮಗಳಿಗೆ ಒಳ್ಳೆಯದಾಗಲಿ. ನೀವು ಮಾಡುತ್ತಿರುವುದೇ ಸರಿ. ಇನ್ಸುಲಿನ್ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ನಮ್ಮವರಿಗೂ ಇಲ್ಲಿ ಒಂದು ಮಾತು ಹೇಳಬೇಕು. ಸ್ಟ್ರೆಪ್ಟೊಜೊಟೊಸಿನ್ ದೊಡ್ಡ ಡೋಸಿನಲ್ಲಿ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಆಮೇಲೆ ಉಳಿಯುವುದು ಇನ್ಸುಲಿನ್ ಕೊರತೆ. ಅದನ್ನು ಟೈಪ್ 2 ಎಂದು ಬರೆಯುವುದು ತಪ್ಪು. ಅದು ಪೂರ್ತಿ ಟೈಪ್ 1 ಕೂಡ ಅಲ್ಲ, ಯಾಕೆಂದರೆ ಟೈಪ್ 1ರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಕೋಶಗಳ ಮೇಲೆ ಬೀಳುತ್ತದೆ. ಅದನ್ನು ನೋಡಲು ಎನ್‌ಒಡಿ ಎನ್ನುವ ಬೇರೆ ಇಲಿ ತಳಿ ಇದೆ. ಟೈಪ್ 2ಕ್ಕೆ ಹತ್ತಿರ ಬರಬೇಕಾದರೆ ತಿಂಗಳುಗಟ್ಟಲೆ ಕೊಬ್ಬಿನ ಆಹಾರ ಕೊಟ್ಟು ದಪ್ಪ ಮಾಡಿದ ಇಲಿ ಬೇಕು, ಅಥವಾ ಡಿಬಿ/ಡಿಬಿ ತಳಿ. ಡಿಬಿ/ಡಿಬಿ ಇಲಿಗೆ ಲೆಪ್ಟಿನ್ (ಹೊಟ್ಟೆ ತುಂಬಿತು ಎಂದು ಹೇಳುವ ಹಾರ್ಮೋನ್) ಸಂದೇಶ ಹಿಡಿಯುವ ಗ್ರಾಹಕವೇ ಸರಿಯಿಲ್ಲ. ಮನುಷ್ಯರಲ್ಲಿ ಅಂಥ ಟೈಪ್ 2 ಬಲು ಅಪರೂಪ. ಪ್ರತಿ ಮಾದರಿಗೂ ಅದರದ್ದೇ ಮಿತಿ ಇದೆ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಇಷ್ಟು ಜನರ ವಿಷಯದಲ್ಲಿ ಅರ್ಧಂಬರ್ಧ ಮಾತು ಬರೆಯಬಾರದು.

ಅಂಕಿಗಳ ಹಿಂದೆ (ಬೆಳಗಾವಿ)

ಸ್ಟ್ಯಾಟಿಸ್ಟಿಕ್ಸ್ ಕಲಿಸುವವಳು ನಾನು. ಥೀಸಿಸ್ ಹಿಡಿದು ನನ್ನ ಹತ್ತಿರ ಬರುವವರು ಕೊನೆಗೆ ಬರುತ್ತಾರೆ, ಅಂದರೆ ಪ್ರಯೋಗ ಎಲ್ಲ ಮುಗಿದ ಮೇಲೆ. ಈ ಲ್ಯಾಬ್‌ನಲ್ಲಿ ಮೊದಲೇ ಬರುವಂತೆ ಮಾಡಬೇಕು.

ಒಂದು ಉದಾಹರಣೆ. ಆಮ್ಲಜನಕ ಬಳಕೆಯನ್ನು ಮೈತೂಕದಿಂದ ಭಾಗಿಸುವುದು ಎಲ್ಲೆಡೆ ರೂಢಿಯಾಗಿತ್ತು. ಕೊಬ್ಬು ಮಾಂಸದಷ್ಟು ಆಮ್ಲಜನಕ ಬಳಸುವುದಿಲ್ಲ. ಹಾಗಾಗಿ ದಪ್ಪ ಇಲಿಯ ತೂಕದಿಂದ ಭಾಗಿಸಿದರೆ ಅದರ ಮೆಟಬಾಲಿಸಂ ನಿಧಾನ ಎಂದು ಕಾಣುತ್ತದೆ. ನಿಜದಲ್ಲಿ ಅದು ತೆಳ್ಳಗಿನದಕ್ಕಿಂತ ಒಟ್ಟಾರೆ ಜಾಸ್ತಿಯೇ ಖರ್ಚು ಮಾಡುತ್ತಿರಬಹುದು. 2012ರಲ್ಲಿ ಈ ಕ್ಷೇತ್ರದ ಬಹಳಷ್ಟು ಜನ ಸೇರಿ ಒಂದು ಮಾರ್ಗಸೂಚಿ ಬರೆದು ಇದನ್ನು ನಿಲ್ಲಿಸಿ ಎಂದರು. ಭಾಗಾಕಾರದ ಬದಲು ಅನ್ಕೋವಾ ಎನ್ನುವ ಸ್ಟ್ಯಾಟಿಸ್ಟಿಕ್ಸ್ ವಿಧಾನ ಬಳಸಿ ತೂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದರು. 2018ರಲ್ಲಿ ಬಂದ ಕ್ಯಾಲ್‌ಆರ್ ಎನ್ನುವ ಉಚಿತ ಸಾಧನ ಇದನ್ನು ಸುಲಭ ಮಾಡಿದೆ.

ಇನ್ನು, ಯಾವ ಇಲಿ ಯಾವ ಗುಂಪಿನದು ಎಂದು ಅಳೆಯುವವರಿಗೆ ಗೊತ್ತಿರಬಾರದು. ಒಂದೇ ಕಾಲೇಜಿನಲ್ಲಿ ಔಷಧ ಕುಡಿಸುವವರೂ ಶುಗರ್ ನೋಡುವವರೂ ಒಬ್ಬರೇ ಆದಾಗ ಇದು ಆಗುವುದು ಕಷ್ಟ. ಬೇರೆ ಊರಿನ ಸೇವಾ ಲ್ಯಾಬ್‌ಗೆ ಬರಿ ಸಂಖ್ಯೆ ಬರೆದ ಪಂಜರ ಹೋದರೆ ಇದು ತಾನಾಗಿಯೇ ಆಗುತ್ತದೆ. ನನಗೆ ಹಂಚಿಕೆಯ ಲ್ಯಾಬ್ ಬೇಕಾಗಿರುವುದೇ ಇದಕ್ಕೆ.

ಘಟಪ್ರಭಾ

ಮೇಡಂ, ಜಿಟಿಟಿಗೆ (ಗ್ಲೂಕೋಸ್ ಕೊಟ್ಟು ಶುಗರ್ ಹೇಗೆ ಏರಿ ಇಳಿಯುತ್ತದೆ ಎಂದು ನೋಡುವ ಪರೀಕ್ಷೆಗೆ) ಇಲಿಗಳನ್ನು ರಾತ್ರಿಯಿಡೀ ಉಪವಾಸ ಇಡಬೇಕೆಂದು ನಮಗೆ ಹೇಳಿಕೊಟ್ಟಿದ್ದಾರೆ. ಬೇರೆ ಕಡೆ ಬೆಳಿಗ್ಗೆ ಆಹಾರ ತೆಗೆದು 5-6 ಗಂಟೆ ಅಷ್ಟೇ ಇಡುತ್ತಾರಂತೆ. ಯಾವುದು ಸರಿ?

ಗೋಕಾಕದಿಂದ ದೂರ

ತಂಗಿ, ಇಲಿಗಳು ತಿನ್ನುವುದು ಹೆಚ್ಚಾಗಿ ರಾತ್ರಿ. ರಾತ್ರಿ ಆಹಾರ ತೆಗೆದರೆ ದಿನದ ಊಟವನ್ನೇ ಕಿತ್ತುಕೊಂಡಂತೆ. ಲಿವರ್‌ನಲ್ಲಿರುವ ಗ್ಲೈಕೋಜನ್ (ಕೂಡಿಟ್ಟ ಸಕ್ಕರೆ) ಬರಿದಾಗುತ್ತದೆ, ತೂಕ ಇಳಿಯುತ್ತದೆ. ಮನುಷ್ಯರು ಒಂದು ರಾತ್ರಿ ಊಟ ಬಿಟ್ಟದ್ದಕ್ಕೆ ಇದು ಸಮ ಅಲ್ಲ. ಇನ್ಸುಲಿನ್ ಕೆಲಸ ನೋಡಬೇಕಾದರೆ 5-6 ಗಂಟೆ ಸಾಕು. ಎಂಎಂಪಿಸಿ ಗುಂಪಿನವರು 2010ರಲ್ಲಿ ಪ್ರಕಟಿಸಿದ ವಿಧಾನಗಳ ಲೇಖನದಲ್ಲಿ ಈ ಚರ್ಚೆ ಚೆನ್ನಾಗಿದೆ, ಓದಿ.

ಡೋಸ್ ಬಗ್ಗೆಯೂ ಯೋಚಿಸಿ. ಕಿಲೋಗೆ 2 ಗ್ರಾಂ ಎಂದು ಒಟ್ಟು ತೂಕಕ್ಕೆ ಕೊಟ್ಟರೆ ದಪ್ಪ ಇಲಿಗೆ ಜಾಸ್ತಿ ಗ್ಲೂಕೋಸ್ ಹೋಗುತ್ತದೆ. ಅದನ್ನು ಹೀರಿಕೊಳ್ಳಬೇಕಾದ ಸ್ನಾಯು ಮಾತ್ರ ಅಷ್ಟೇ ಇರುತ್ತದೆ. ಆಗ ಶುಗರ್ ಏರಿಳಿತದ ಕರ್ವ್ ಇದ್ದದ್ದಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಕೊಬ್ಬು ಬಿಟ್ಟು ಉಳಿದ ತೂಕಕ್ಕೆ ಡೋಸ್ ಲೆಕ್ಕ ಹಾಕುವುದು ಒಳ್ಳೆಯದು. ಅದಕ್ಕೂ ಮೈಕೊಬ್ಬು ಅಳೆಯುವ ಯಂತ್ರವೇ ಬೇಕು.

ಅಂದ ಹಾಗೆ ಎಚ್‌ಬಿಎ1ಸಿ (ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯ ಅಳತೆ) ಅನ್ನು ಮನುಷ್ಯರ ಹಾಗೆ ಮೂರು ತಿಂಗಳ ಲೆಕ್ಕ ಎಂದು ಬರೆಯಬೇಡಿ. ಇಲಿಯ ಕೆಂಪು ರಕ್ತಕಣ ನಮ್ಮದರಂತೆ 120 ದಿನ ಬದುಕುವುದಿಲ್ಲ, ಸುಮಾರು 40 ದಿನ ಅಷ್ಟೆ.

ಹಳೇ ಬಾಗಲಕೋಟೆ

ಸ್ವಲ್ಪ ಬೇರೆ ಮಾತು. ಇಷ್ಟೆಲ್ಲ ಯಾಕೆ? ಬೆಂಗಳೂರಿಗೋ ಹೈದರಾಬಾದಿಗೋ ಕಳಿಸಿದರೆ ಸಾಕಲ್ವಾ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಎನ್‌ಐಎನ್‌ನಲ್ಲಿ ತಾನಾಗಿಯೇ ದಪ್ಪ ಆಗುವ ದೊಡ್ಡ ಇಲಿ, ಅಂದರೆ ರ‍್ಯಾಟ್ ತಳಿಗಳೇ ಇವೆ. ಅನುಭವ ಇರುವ ಕಡೆ ಕೆಲಸ ಆಗುವುದು ಒಳ್ಳೆಯದಲ್ಲವೇ? ನಮ್ಮಲ್ಲಿ ಯಂತ್ರ ಬಂದು ಧೂಳು ಹಿಡಿದು ಕೂತರೆ ಯಾರಿಗೆ ಲಾಭ?

ಗುಮ್ಮಟದ ನೆರಳು

ಸರ್, ಧೂಳಿನ ಭಯ ನನಗೂ ಇದೆ. ಕ್ಲ್ಯಾಂಪ್‌ನಂಥ ಅಪರೂಪದ ಪರೀಕ್ಷೆಯನ್ನು ದೊಡ್ಡ ಕೇಂದ್ರಗಳ ಜೊತೆ ಸೇರಿಯೇ ಮಾಡೋಣ. ಆದರೆ ಜೀವಂತ ಇಲಿಯನ್ನು ಅಷ್ಟು ದೂರ ಸಾಗಿಸಿದರೆ ದಾರಿಯ ಒತ್ತಡಕ್ಕೇ ಶುಗರ್ ಏರುತ್ತದೆ, ತೂಕ ಇಳಿಯುತ್ತದೆ. ಹೋದ ಮೇಲೆ ವಾರಗಟ್ಟಲೆ ಹೊಂದಿಕೊಳ್ಳಲು ಬಿಡಬೇಕು. ನಮ್ಮ ಕೆಲಸ ಹೆಚ್ಚಿನದು ತೂಕ, ಆಹಾರ, ಜಿಟಿಟಿ, ಇನ್ಸುಲಿನ್, ಮೈಕೊಬ್ಬು. ಇಷ್ಟನ್ನು ಇಲ್ಲೇ ಒಂದು ಕಡೆ ಸರಿಯಾಗಿ ಮಾಡಿದರೆ ಬಹುಪಾಲು ಥೀಸಿಸ್‌ಗಳ ಮಟ್ಟ ಏರುತ್ತದೆ.

ಹಂಚಿಕೆ ನಮಗೆ ಹೊಸದೂ ಅಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಶ್ಲೇಷಣಾ ಯಂತ್ರಗಳ ಕೇಂದ್ರ ಸೈಫ್‌ಗೆ ನಮ್ಮ ಕಡೆಯ ರಸಾಯನಶಾಸ್ತ್ರದವರು ಸ್ಯಾಂಪಲ್ ಕಳಿಸಿ, ಶುಲ್ಕ ಕಟ್ಟಿ ಫಲಿತಾಂಶ ತರಿಸಿಕೊಳ್ಳುತ್ತಾರೆ. ದೇಶದ ಲ್ಯಾಬುಗಳ ಯಂತ್ರಗಳನ್ನು ಬೇರೆಯವರೂ ಬುಕ್ ಮಾಡಲು ಐ-ಸ್ಟೆಮ್ ಪೋರ್ಟಲ್ ಇದೆ. ಪ್ರಾಣಿ ಕೆಲಸಕ್ಕೆ ಅದೇ ರೀತಿ ಒಂದು ಬೇಕು, ಅಷ್ಟೆ.

ಖಾನಾಪುರದ ಮಳೆ

ಎಲ್ಲಿ ಇರಬೇಕು ಎನ್ನುವುದೇ ಕಷ್ಟದ ಪ್ರಶ್ನೆ. ಬೆಳಗಾವಿಯಲ್ಲಿ ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆ ಇದೆ, ಮೂರೂ ಊರುಗಳಲ್ಲಿ ವೈದ್ಯಕೀಯ, ಫಾರ್ಮಸಿ ಕಾಲೇಜುಗಳಿವೆ. ಯಾವುದೋ ಒಂದು ಕಾಲೇಜಿನ ಆಸ್ತಿ ಎಂದಾದರೆ ಉಳಿದವರು ಬರುವುದಿಲ್ಲ. ಅದು ನಮ್ಮೆಲ್ಲರಿಗೂ ಗೊತ್ತಿದೆ. ಹವೆ ನೋಡಿದರೆ ಬೆಳಗಾವಿ ಸರಿ, ಏಸಿ ಖರ್ಚು ಕಡಿಮೆ. ಆದರೆ ವಿಜಯಪುರದವರಿಗೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಬಾಗಲಕೋಟೆ ನಡುವೆ ಇದೆ.

ನನ್ನ ಸಲಹೆ, ಮೊದಲು ಕಟ್ಟಡವೇ ಬೇಡ. ಒಂದೇ ಬರಹದ ವಿಧಾನ, ಒಂದೇ ಕಂಪನಿಯ ಗ್ಲೂಕೋಮೀಟರ್, ಒಂದೇ ಕಡೆ ಇನ್ಸುಲಿನ್ ಎಲೈಸಾ. ಮೂರೂ ಕಡೆ ಅದೇ ತಳಿಯ, ಅದೇ ವಯಸ್ಸಿನ, ಏನೂ ಔಷಧ ಕೊಡದ ಇಲಿಗಳಲ್ಲಿ ಜಿಟಿಟಿ ಮಾಡೋಣ. ಅಂಕಿಗಳು ಎಷ್ಟು ದೂರ ಇವೆ ಎಂದು ನೋಡೋಣ. ಆ ವ್ಯತ್ಯಾಸ ಕೈಯಲ್ಲಿ ಹಿಡಿದು ಅನುದಾನ ಕೇಳಿದರೆ ನಮ್ಮ ಮಾತಿಗೆ ತೂಕ ಬರುತ್ತದೆ. ಓದುಗಿ ಅಕ್ಕಾ, ಇದಕ್ಕೂ ಹೊಸ ಪ್ರಾಣಿ ಬೇಡ. ನಡೆಯುತ್ತಿರುವ ಪ್ರಯೋಗಗಳ ಕಂಟ್ರೋಲ್ ಗುಂಪುಗಳಲ್ಲೇ ಆಗುತ್ತದೆ.

ಅಥಣಿ ಪಶುವೈದ್ಯ

ಒಳ್ಳೆಯ ಆಲೋಚನೆ. ಆದರೆ ಕಂಟ್ರೋಲ್ ಗುಂಪಿನಲ್ಲಿ ಆದರೂ ಹೊಸ ಪರೀಕ್ಷೆ ಸೇರಿಸುವ ಮೊದಲು ಆಯಾ ಕಮಿಟಿಗೆ ತಿದ್ದುಪಡಿ ಅರ್ಜಿ ಹಾಕಿ. ಬಾಯಿಮಾತಿನಲ್ಲಿ ಬೇಡ. ಅರ್ಜಿಯ ಕರಡು ನಾನು ನೋಡಿಕೊಡುತ್ತೇನೆ.

ಅಂಕಿಗಳ ಹಿಂದೆ

ಪ್ರತಿ ಕಡೆ ಕೋಣೆಯ ತಾಪಮಾನ, ತೇವಾಂಶ ಗಂಟೆಗೊಮ್ಮೆ ದಾಖಲಾಗಲಿ. ಅದಿಲ್ಲದೆ ನನಗೆ ಅಂಕಿ ಕಳಿಸಬೇಡಿ. ಎಷ್ಟು ಇಲಿ ಸಾಕು ಎನ್ನುವ ಲೆಕ್ಕವನ್ನು ಈ ವಾರವೇ ಮಾಡುತ್ತೇನೆ. ಗಂಡು ಇಲಿಗಳ, ಹೆಣ್ಣು ಇಲಿಗಳ ಅಂಕಿ ಬೇರೆ ಬೇರೆ ಇರಲಿ. ಗ್ಲೂಕೋಸ್ ತಡೆದುಕೊಳ್ಳುವುದರಲ್ಲಿ ಎರಡೂ ಒಂದೇ ಅಲ್ಲ.

ಗೋಕಾಕದಿಂದ ದೂರ

ಶುರು ಮಾಡುವ ಮೊದಲು ಒಂದು ಮುಖ್ಯ ಪ್ರಶ್ನೆ. ನಿಮ್ಮ ನಿಮ್ಮಲ್ಲಿರುವ ಸಿ57 ಬ್ಲ್ಯಾಕ್ 6 ತಳಿಯ ಇಲಿಗಳು ಜೆ ಉಪತಳಿಯಾ, ಎನ್ ಉಪತಳಿಯಾ? ಜಾಕ್ಸನ್ ಲ್ಯಾಬಿನ ಜೆ ಇಲಿಯಲ್ಲಿ ಎನ್‌ಎನ್‌ಟಿ ಎನ್ನುವ ಜೀನ್ ಕೆಟ್ಟಿದೆ. ಅದರಿಂದ ಗ್ಲೂಕೋಸ್ ಕೊಟ್ಟಾಗ ಇನ್ಸುಲಿನ್ ಬಿಡುವುದೇ ಕಡಿಮೆ. ಒಂದು ಕಡೆ ಜೆ, ಇನ್ನೊಂದು ಕಡೆ ಎನ್ ಇದ್ದರೆ ಉಳಿದದ್ದೆಲ್ಲ ಸರಿ ಮಾಡಿಯೂ ಪ್ರಯೋಜನ ಇಲ್ಲ.

ಘಟಪ್ರಭಾ

ಅಣ್ಣಾ, ನಮ್ಮ ರಿಜಿಸ್ಟರ್‌ನಲ್ಲಿ ಬರಿ ಸಿ57 ಎಂದಿದೆ. ಪಂಜರದ ಚೀಟಿಯಲ್ಲೂ ಅಷ್ಟೇ. ಇಲಿ ಕೊಟ್ಟ ಬ್ರೀಡರ್‌ಗೆ ಪತ್ರ ಬರೆದು ಕೇಳುತ್ತೇನೆ. ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.

ಗುಮ್ಮಟದ ನೆರಳು

ನಮ್ಮಲ್ಲಿ ಸ್ವಿಸ್ ಆಲ್ಬಿನೊ ತಳಿ ಮಾತ್ರ ಇದೆ, ಬ್ಲ್ಯಾಕ್ 6 ಇಲ್ಲ. ಮೊದಲ ಸುತ್ತನ್ನು ಸ್ವಿಸ್‌ನಲ್ಲೇ ಮಾಡೋಣವೇ? ಬೆಳಗಾವಿ, ಬಾಗಲಕೋಟೆ ಎರಡೂ ಕಡೆ ಅದು ಇದೆಯಾ, ಮೇಡಂ?

ಖಾನಾಪುರದ ಮಳೆ

ನಮ್ಮಲ್ಲಿ ಇದೆ ಸರ್. ಆದರೆ ಅದು ಹೊರತಳಿ, ಒಂದು ಇಲಿ ಇನ್ನೊಂದರ ಹಾಗೆ ಇರುವುದಿಲ್ಲ, ಸಂಖ್ಯೆ ಜಾಸ್ತಿ ಬೇಕಾಗಬಹುದು. ಸ್ಟ್ಯಾಟಿಸ್ಟಿಕ್ಸ್ ಮೇಡಂ ಎರಡಕ್ಕೂ ಲೆಕ್ಕ ಹಾಕಿಕೊಡಲಿ, ನೋಡಿ ತೀರ್ಮಾನ ಮಾಡೋಣ. ಜಿಟಿಟಿ ವಿಧಾನದ ಮೊದಲ ಕರಡನ್ನು ನಾನು ಬರೆಯುತ್ತಿದ್ದೇನೆ. ಶನಿವಾರ ಇಲ್ಲೇ ಹಾಕುತ್ತೇನೆ, ಎಲ್ಲರೂ ತಿದ್ದಿ ಕೊಡಿ.